ಕರಗುವ ಪಾಲಿಮರ್‌ಗೆ ಸಕ್ಕರೆ ಕಟ್ಟುವುದು ಯಾಕೆ, ಹೇಗೆ?

ಪ್ರಶ್ನೆ: ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಈಗಷ್ಟೇ ಸಂಶೋಧನೆಗೆ ಸೇರಿದ್ದೇನೆ. ದೇಹದೊಳಗೆ ಕರಗಿಹೋಗುವ ಪಾಲಿಮರ್‌ಗೆ ಸಕ್ಕರೆ ಜೋಡಿಸಿ, ಲಿವರ್‌ಗೆ ಔಷಧ ಮುಟ್ಟಿಸುವ ನ್ಯಾನೋ ಕಣ ಮಾಡುವುದು ನನಗೆ ಸಿಕ್ಕಿರುವ ವಿಷಯ. ಓದಿದಷ್ಟೂ ಗೊಂದಲ ಜಾಸ್ತಿಯಾಗುತ್ತಿದೆ. ಪಾಲಿಮರ್ ಹೇಗೂ ಕರಗುತ್ತದೆ, ಮತ್ತೆ ಸಕ್ಕರೆ ಯಾಕೆ? ಯಾವ ಸಕ್ಕರೆ ಆರಿಸಬೇಕು, ಎಲ್ಲಿ ಕಟ್ಟಬೇಕು? ಕಟ್ಟಿದ ಮೇಲೆ ಅದು ನಿಜವಾಗಿ ಕೆಲಸ ಮಾಡುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ನಿಮ್ಮ ಮೊದಲನೇ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಡೀ ವಿಷಯದ ಬುಡ ಅಲ್ಲೇ ಇದೆ. ಆ ಪ್ರಶ್ನೆ ಕೇಳಿಕೊಳ್ಳದೆ ವರ್ಷಗಟ್ಟಲೆ ದುಡಿದವರನ್ನು ನೋಡಿದ್ದೇನೆ. ಅವರ ಕೈಗೆ ಪಾಲಿಮರ್ ಬಂತು, ಅದರ ಮೇಲೆ ಸಕ್ಕರೆಯೂ ಕೂತಿತು. ಆದರೆ ಆ ಸಕ್ಕರೆಗೆ ಮಾಡಲು ಕೆಲಸವೇ ಇರಲಿಲ್ಲ.

ಸಕ್ಕರೆ ಸೇರಿಸಿದ್ದರಿಂದಲೇ ಪಾಲಿಮರ್ ಕರಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಪಾಲಿಲ್ಯಾಕ್ಟಿಕ್ ಆಮ್ಲ, ಪಾಲಿಗ್ಲೈಕಾಲಿಕ್ ಆಮ್ಲ, ಇವೆರಡೂ ಬೆರೆತ ಪಿಎಲ್‌ಜಿಎ, ಇವೆಲ್ಲ ಕರಗುವುದು ಸರಪಳಿಯ ಎಸ್ಟರ್ ಕೊಂಡಿಗಳಿಂದ. ನೀರು ಆ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಕೊನೆಗೆ ಉಳಿಯುವುದು ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲ. ದೇಹಕ್ಕೆ ಅವು ಹೊಸದಲ್ಲ, ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಮಾಡಿ ಹೊರಹಾಕುತ್ತದೆ. ಪಾಲಿಗ್ಲೈಕಾಲಿಕ್ ಆಮ್ಲದ ಹೊಲಿಗೆ ದಾರ ಡೆಕ್ಸಾನ್ ಎಂಬ ಹೆಸರಲ್ಲಿ 1970ರ ಸುಮಾರಿಗೆ ಬಂತು. 1974ರಲ್ಲಿ ವಿಕ್ರಿಲ್ ಬಂತು, ಅದರಲ್ಲಿ 90 ಪಾಲು ಗ್ಲೈಕೊಲೈಡ್, 10 ಪಾಲು ಲ್ಯಾಕ್ಟೈಡ್ (ಅದೇ ಎರಡು ಆಮ್ಲಗಳ ಉಂಗುರ ರೂಪ). 1989ರಲ್ಲಿ ಪಿಎಲ್‌ಜಿಎ ಸಣ್ಣ ಗೋಲಿಗಳೊಳಗೆ ಹಾರ್ಮೋನ್ ಔಷಧ ತುಂಬಿದ ಲೂಪ್ರಾನ್ ಡಿಪೋ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈ ಯಾವ ಪಾಲಿಮರ್ ಸರಪಳಿಗೂ ಸಕ್ಕರೆ ಕಟ್ಟಿರಲಿಲ್ಲ. ಎಲ್ಲವೂ ಚೆನ್ನಾಗಿಯೇ ಕರಗಿದವು.

ಹಾಗಾದರೆ ಈ ಪಾಲಿಮರ್‌ಗಳಿಗೆ ಏನು ಕೊರತೆ? ಅವು ಹಿಡಿ ಇಲ್ಲದ ಪಾತ್ರೆಯ ಹಾಗೆ. ಸರಪಳಿಯ ಉದ್ದಕ್ಕೂ ಏನನ್ನಾದರೂ ಕಟ್ಟಲು ಜಾಗವಿಲ್ಲ, ತುದಿಯಲ್ಲಿ ಒಂದೆರಡು ಗುಂಪುಗಳಿರುತ್ತವೆ ಅಷ್ಟೇ. ನೀರು ಅಂದರೆ ಅವಕ್ಕೆ ಆಗದು. ಜೀವಕೋಶದ ಕಣ್ಣಿಗೆ ಅವು ಬರೀ ಗೋಡೆ. ಕೋಶ ಅದಕ್ಕೆ ಅಂಟಬಹುದು, ಅಂಟದೆಯೂ ಇರಬಹುದು, ಆದರೆ ಗುರುತು ಹಿಡಿಯುವುದಿಲ್ಲ.

ಈ ಕೊರತೆ ನೀಗಲು ಸಕ್ಕರೆಯನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಬಳಸುತ್ತಾರೆ. ನೀವು ಓದಿದ ಲೇಖನಗಳು ಈ ಮೂರನ್ನೂ ಒಂದೇ ಹೆಸರಲ್ಲಿ ಕರೆಯುತ್ತವೆ. ನಿಮ್ಮ ಗೊಂದಲದ ಅರ್ಧ ಭಾಗ ಅಲ್ಲಿಂದಲೇ ಬಂದಿರಬೇಕು.

ಒಂದು ಬಳಕೆಯಲ್ಲಿ ಸಕ್ಕರೆ ಬರೀ ಗಂಟು. ಸ್ಯಾಂಡೋಸ್ಟಾಟಿನ್ ಎಲ್ಎಆರ್ ಎಂಬ ಔಷಧದ ಹೆಸರು ಕೇಳಿರಬಹುದು. ಬೆಳವಣಿಗೆಯ ಹಾರ್ಮೋನ್ ಮಿತಿಮೀರಿ ಕೈಕಾಲು, ಮುಖ ದಪ್ಪಗಾಗುವ ಕಾಯಿಲೆಗೆ ಅದನ್ನು ನಾಲ್ಕು ವಾರಕ್ಕೊಮ್ಮೆ ಚುಚ್ಚುತ್ತಾರೆ. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಅದರ ಪಾಲಿಮರ್‌ನ ನಡುವೆ ಒಂದು ಗ್ಲೂಕೋಸ್ ಕೂತಿದೆ. ಅದರ ಹೈಡ್ರಾಕ್ಸಿಲ್‌ಗಳಿಂದ (ಓಎಚ್ ಗುಂಪುಗಳಿಂದ) ಪಿಎಲ್‌ಜಿಎ ತೋಳುಗಳು ನಕ್ಷತ್ರದ ಹಾಗೆ ಹೊರಗೆ ಚಾಚಿವೆ. ಸಕ್ಕರೆ ಕಟ್ಟಿದ ಕರಗುವ ಪಾಲಿಮರ್ ಅಂದರೆ ಇನ್ನೂ ಕನಸು ಅಂದುಕೊಂಡವರಿಗೆ ನಾನು ಮೊದಲು ಹೇಳುವ ಉದಾಹರಣೆ ಇದು. ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು, ಅದು ರೋಗಿಗಳ ಮೈಯಲ್ಲಿ ಕೆಲಸ ಮಾಡುತ್ತಲೇ ಇದೆ. ಆದರೆ ಅಲ್ಲಿರುವ ಗ್ಲೂಕೋಸನ್ನು ಯಾವ ಕೋಶವೂ ಓದುವುದಿಲ್ಲ. ಅದು ಒಳಗೆ ಹೂತುಹೋಗಿದೆ. ತೋಳುಗಳನ್ನು ಒಟ್ಟಿಗೆ ಹಿಡಿದಿಡುವುದಷ್ಟೇ ಅದರ ಕೆಲಸ.

ಇನ್ನೊಂದು ಬಳಕೆಯಲ್ಲಿ ಸಕ್ಕರೆ ನೀರನ್ನು ಸೆಳೆಯುತ್ತದೆ. ಪಾಲಿಮರ್ ಮೆತ್ತಗಾಗುತ್ತದೆ, ನೀರು ಬೇಗ ಒಳಗೆ ಇಳಿಯುತ್ತದೆ, ಕರಗುವ ವೇಗ ಹೆಚ್ಚುತ್ತದೆ. ನೋಡಿ, ಸಕ್ಕರೆಗೂ ಕರಗುವಿಕೆಗೂ ನಂಟು ಇರುವುದು ಇಷ್ಟರಲ್ಲಿ ಮಾತ್ರ. ವೇಗ ಬದಲಾಗುತ್ತದೆ, ಕಾರಣ ಬದಲಾಗುವುದಿಲ್ಲ.

ನಿಮ್ಮ ಕೆಲಸ ಮೂರನೆಯದು. ಇಲ್ಲಿ ಸಕ್ಕರೆ ಒಂದು ಗುರುತು. ಅದನ್ನು ಓದುವ ಕೋಶ ಒಂದಿದೆ. ಆದ್ದರಿಂದ ಯಾವ ಪಾಲಿಮರ್, ಯಾವ ಸಾಲ್ವೆಂಟ್ ಅಂತ ಯೋಚಿಸುವ ಮೊದಲು ಎರಡು ವಿಷಯ ತೀರ್ಮಾನ ಆಗಬೇಕು. ಈ ಸಕ್ಕರೆಯನ್ನು ಯಾರು ಓದಬೇಕು? ಅವರ ಕಣ್ಣಿಗೆ ಅದು ಬೀಳುತ್ತದೆಯೇ? ನಾನು ಮುಂದೆ ಹೇಳುವುದೆಲ್ಲ ಈ ಎರಡರ ಸುತ್ತಲೇ ಇದೆ.

ಕೋಶಗಳು ಸಕ್ಕರೆಯನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತವೆ ಅನ್ನುವುದಕ್ಕೆ ರಕ್ತದ ಗುಂಪು ನೋಡಿ. ಎ ಗುಂಪಿಗೂ ಬಿ ಗುಂಪಿಗೂ ಇರುವ ವ್ಯತ್ಯಾಸ ಕೆಂಪು ಕಣಗಳ ಮೇಲಿನ ಸಕ್ಕರೆ ಸರಪಳಿಯ ತುದಿಯಲ್ಲಿ ಮಾತ್ರ. ಎ ಆದರೆ ತುದಿಯಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್, ಬಿ ಆದರೆ ಗ್ಯಾಲಕ್ಟೋಸ್. ಒಂದು ಸಣ್ಣ ಗುಂಪಿನ ವ್ಯತ್ಯಾಸ. ಅದೇ ತಪ್ಪಿದರೆ ರಕ್ತ ಕೊಟ್ಟಾಗ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಲಿವರ್‌ನ ಕಥೆ ಇನ್ನೂ ಸ್ವಾರಸ್ಯದ್ದು. 1960ರ ದಶಕದ ಕೊನೆಗೆ ಗಿಲ್ಬರ್ಟ್ ಆಶ್ವೆಲ್ ಮತ್ತು ಅನಾಟೋಲ್ ಮೊರೆಲ್ ಸೆರುಲೋಪ್ಲಾಸ್ಮಿನ್ ಎಂಬ ರಕ್ತದ ಪ್ರೋಟೀನ್ ಮೇಲೆ ಕೆಲಸ ಮಾಡುತ್ತಿದ್ದರು. ಅದರ ಸಕ್ಕರೆ ಸರಪಳಿಯ ತುದಿಯಲ್ಲಿ ಸಯಾಲಿಕ್ ಆಮ್ಲ ಇರುತ್ತದೆ. ಅದನ್ನು ಕತ್ತರಿಸಿ ಮೊಲಗಳಿಗೆ ಚುಚ್ಚಿದರು. ಮಾಮೂಲಿ ಪ್ರೋಟೀನ್ ರಕ್ತದಲ್ಲಿ ತುಂಬಾ ಹೊತ್ತು ಓಡಾಡಿಕೊಂಡಿರುತ್ತದೆ. ಇದು ಕೆಲವೇ ನಿಮಿಷಗಳಲ್ಲಿ ಮಾಯವಾಯಿತು. ಹುಡುಕಿದರೆ ಲಿವರ್‌ನಲ್ಲಿತ್ತು. ಸಯಾಲಿಕ್ ಆಮ್ಲ ಹೋದಾಗ ಅದರ ಕೆಳಗಿದ್ದ ಗ್ಯಾಲಕ್ಟೋಸ್ ಬಯಲಾಗಿತ್ತು. ಲಿವರ್‌ನ ಮುಖ್ಯ ಕೋಶಗಳು ಆ ಗ್ಯಾಲಕ್ಟೋಸನ್ನು ಹಿಡಿದು ಒಳಗೆ ಎಳೆದುಕೊಂಡಿದ್ದವು. ಹಾಗೆ ಹಿಡಿಯುವ ರಿಸೆಪ್ಟರ್‌ಗೆ ಅಸಯಾಲೋಗ್ಲೈಕೋಪ್ರೋಟೀನ್ ರಿಸೆಪ್ಟರ್ ಅಂತ ಹೆಸರು. ಆಶ್ವೆಲ್-ಮೊರೆಲ್ ರಿಸೆಪ್ಟರ್ ಅಂತಲೂ ಕರೆಯುತ್ತಾರೆ. ನಿಮ್ಮ ಕಣವನ್ನು ಓದಬೇಕಾದವರು ಇವರೇ. ಆದ್ದರಿಂದ ನಿಮ್ಮ ಸಕ್ಕರೆ ಗ್ಯಾಲಕ್ಟೋಸ್, ಇಲ್ಲವೇ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್. ಎರಡನೆಯದನ್ನು ಈ ರಿಸೆಪ್ಟರ್ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಹೊರಗಿನ ವಸ್ತುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳಿಗೆ ಗುರಿ ಇಡುವುದಾಗಿದ್ದರೆ ಮ್ಯಾನೋಸ್ ಆರಿಸಿ ಅನ್ನುತ್ತಿದ್ದೆ.

ಆದರೆ ಒಂಟಿ ಗ್ಯಾಲಕ್ಟೋಸ್‌ನ ಹಿಡಿತ ತುಂಬಾ ಸಡಿಲ. ಅಂಟುತ್ತದೆ, ಬಿಡುತ್ತದೆ. ಈ ರಿಸೆಪ್ಟರ್ ಒಂದಕ್ಕಿಂತ ಹೆಚ್ಚು ಸಕ್ಕರೆಯನ್ನು ಒಟ್ಟಿಗೆ ಹಿಡಿಯುವಂತೆ ರೂಪುಗೊಂಡಿದೆ. ಸರಿಯಾದ ಅಂತರದಲ್ಲಿ ಮೂರು ಸಕ್ಕರೆ ಸಿಕ್ಕರೆ ಹಿಡಿತ ಮೂರು ಪಟ್ಟು ಅಲ್ಲ, ಲಕ್ಷಗಟ್ಟಲೆ ಪಟ್ಟು ಬಿಗಿಯಾಗುತ್ತದೆ. ಹಿಡಿತಕ್ಕೆ ಬೇಕಾದ ಸಕ್ಕರೆಯ ಸಾಂದ್ರತೆ ಮಿಲಿಮೋಲಾರ್ ಮಟ್ಟದಲ್ಲಿದ್ದದ್ದು ನ್ಯಾನೋಮೋಲಾರ್ ಮಟ್ಟಕ್ಕೆ ಇಳಿಯುತ್ತದೆ. ಸಕ್ಕರೆಗಳ ನಡುವಿನ ದೂರ ಸುಮಾರು 1.5ರಿಂದ 2.5 ನ್ಯಾನೋಮೀಟರ್ ಇರಬೇಕು. ವೈ. ಸಿ. ಲೀ ಮತ್ತು ಅವರ ಜೊತೆಗಾರರು ಇದನ್ನು ತಾಳ್ಮೆಯಿಂದ ಬಿಡಿಸಿ ತೋರಿಸಿದರು. 2019ರಲ್ಲಿ ಒಪ್ಪಿಗೆ ಪಡೆದ ಗಿವೋಸಿರಾನ್ ಎಂಬ ಆರ್‌ಎನ್‌ಎ ಔಷಧ ಲಿವರ್ ಮುಟ್ಟುವುದು ಇದೇ ದಾರಿಯಲ್ಲಿ. ಅದರ ತುದಿಗೆ ಮೂರು ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್‌ಗಳನ್ನು ಮೂರು ಕವಲಿನ ಕೊಂಬೆಯ ಹಾಗೆ ಕಟ್ಟಿದ್ದಾರೆ.

ಪಾಲಿಮರ್ ನಮಗೆ ಇಷ್ಟವಾಗುವುದು ಇದಕ್ಕೇ. ಒಂದು ಕಣದ ಮೈಮೇಲೆ ನೂರಾರು ಸಕ್ಕರೆಗಳನ್ನು ಸುಲಭವಾಗಿ ಕೂರಿಸಬಹುದು. ಹಾಗಂತ ಸಕ್ಕರೆ ಜಾಸ್ತಿಯಾದಷ್ಟೂ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ತೀರಾ ಒತ್ತೊತ್ತಾಗಿ ಕೂತ ಸಕ್ಕರೆಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಸಕ್ಕರೆ ಇರುವ ಸರಪಳಿಯನ್ನು ಸಕ್ಕರೆ ಇಲ್ಲದ ಸರಪಳಿಯ ಜೊತೆ ಬೇರೆ ಬೇರೆ ಅಳತೆಯಲ್ಲಿ ಬೆರೆಸಿ ಕಣ ಮಾಡಿ. ನೂರಕ್ಕೆ 5, 10, 25, 50 ಪಾಲು ಸಕ್ಕರೆಯ ಸರಪಳಿ ಅಂತ ಶುರು ಮಾಡಬಹುದು. ಯಾವ ಅಳತೆ ಸರಿ ಅಂತ ಕೋಶಗಳೇ ತೋರಿಸುತ್ತವೆ.

ಈಗ ಎಲ್ಲಿ ಕಟ್ಟಬೇಕು ಅನ್ನುವ ಪ್ರಶ್ನೆ. ಈ ರಿಸೆಪ್ಟರ್ ಗ್ಯಾಲಕ್ಟೋಸನ್ನು ಹಿಡಿಯುವುದು ಅದರ ಮೂರನೇ ಮತ್ತು ನಾಲ್ಕನೇ ಹೈಡ್ರಾಕ್ಸಿಲ್‌ಗಳ ಮೂಲಕ, ನಡುವೆ ಒಂದು ಕ್ಯಾಲ್ಸಿಯಂ ಅಯಾನ್ ಇಟ್ಟುಕೊಂಡು. ಆ ಎರಡನ್ನು ಮಾತ್ರ ಮುಟ್ಟಲೇಬೇಡಿ. ಒಂದನೇ ಅಥವಾ ಆರನೇ ಜಾಗದಿಂದ ಕಟ್ಟಿದರೆ ಹಿಡಿಯುವ ಮುಖ ಹೊರಗೆ ಉಳಿಯುತ್ತದೆ. ಒಂದನೇ ಜಾಗದಿಂದ ಕಟ್ಟುವಾಗ ಬೀಟಾ ಕೊಂಡಿ ಆರಿಸಿ. ಎರಡು ಗ್ಯಾಲಕ್ಟೋಸ್‌ಗಳು ಆಲ್ಫಾ 1-3 ಕೊಂಡಿಯಲ್ಲಿ ಸೇರಿದ ರಚನೆಗೆ ಮನುಷ್ಯರ ರಕ್ತದಲ್ಲಿ ಮೊದಲೇ ಪ್ರತಿಕಾಯಗಳಿವೆ. ಹಂದಿಯ ಅಂಗವನ್ನು ಮನುಷ್ಯನ ದೇಹ ಕೂಡಲೇ ತಿರಸ್ಕರಿಸುವುದಕ್ಕೆ ಮುಖ್ಯ ಕಾರಣ ಅದೇ. ಸಕ್ಕರೆ ಅಂದ ಮಾತ್ರಕ್ಕೆ ದೇಹ ಸುಮ್ಮನಿರುತ್ತದೆ ಅನ್ನುವ ಹಾಗಿಲ್ಲ, ಅಲ್ವಾ?

ಕಟ್ಟುವ ದಾರಿಗಳು ಹಲವು. ನಿಮ್ಮ ಕೆಲಸಕ್ಕೆ ನಾನು ಹೇಳುವುದು ಒಂದನ್ನೇ, ಆದರೆ ಉಳಿದವನ್ನು ಯಾಕೆ ಬಿಡುತ್ತಿದ್ದೇನೆ ಅಂತ ತಿಳಿದರೆ ನಿಮಗೆ ಉಪಯೋಗ.

ಹೊಸಬರಿಗೆ ಮೊದಲು ಹೊಳೆಯುವುದು ಸಕ್ಕರೆಯಿಂದಲೇ ಸರಪಳಿ ಬೆಳೆಸುವ ದಾರಿ. ಲ್ಯಾಕ್ಟೈಡ್ ಉಂಗುರ ಬಿಚ್ಚಿ ಸರಪಳಿಯಾಗಲು ಒಂದು ಹೈಡ್ರಾಕ್ಸಿಲ್ ಬೇಕು, ಸಕ್ಕರೆಯಲ್ಲಿ ಅದು ಐದಿದೆ, ಕ್ರಿಯೆ ಚುರುಕುಗೊಳಿಸುವ ಟಿನ್ ಆಕ್ಟೋಯೇಟ್ ಹಾಕಿ ಬಿಸಿ ಮಾಡಿದರೆ ಆಯಿತು ಅನಿಸುತ್ತದೆ. ತೊಂದರೆ ಇರುವುದು ಆ ಐದರಲ್ಲೇ. ಎಲ್ಲಿಂದ ಎಷ್ಟು ತೋಳು ಬೆಳೆಯಿತು ಅನ್ನುವುದು ನಿಮ್ಮ ಹಿಡಿತದಲ್ಲಿರುವುದಿಲ್ಲ. ಗಂಟಾಗಿ ಬಳಸುವವರಿಗೆ ಅದು ಪರವಾಗಿಲ್ಲ. ನಿಮ್ಮ ಸಕ್ಕರೆ ಮಾತ್ರ ನಡುವೆ ಹೂತುಹೋಗಿ ಯಾರ ಕಣ್ಣಿಗೂ ಬೀಳದಂತಾಗುತ್ತದೆ. ನಾಲ್ಕು ಹೈಡ್ರಾಕ್ಸಿಲ್‌ಗಳನ್ನು ಮುಚ್ಚಿ ಒಂದನ್ನು ಮಾತ್ರ ಬಿಡಬಹುದು. ಗ್ಯಾಲಕ್ಟೋಸ್‌ಗೆ ಎರಡು ಐಸೊಪ್ರೊಪಿಲಿಡೀನ್ ಮುಚ್ಚಳ ಹಾಕಿದರೆ ಆರನೇ ಹೈಡ್ರಾಕ್ಸಿಲ್ ಒಂದೇ ತೆರೆದಿರುತ್ತದೆ. ಆದರೆ ಕೊನೆಗೆ ಆ ಮುಚ್ಚಳ ತೆಗೆಯಲು ಆಮ್ಲ ಬೇಕು. ಅಸಿಟೈಲ್ ಮುಚ್ಚಳ ಹಾಕಿದರೆ ತೆಗೆಯಲು ಕ್ಷಾರ ಬೇಕು. ನಿಮ್ಮ ಪಾಲಿಮರ್‌ನ ಬೆನ್ನುಮೂಳೆಯೇ ಎಸ್ಟರ್. ಕ್ಷಾರ ಅದನ್ನೂ ಕಡಿದುಹಾಕುತ್ತದೆ, ಆಮ್ಲ ಹೆಚ್ಚು ಹೊತ್ತು ಇದ್ದರೆ ಅದೂ ಕಡಿಯುತ್ತದೆ. ಮುಚ್ಚಳ ತೆಗೆಯುವ ಮೊದಲೂ ಆಮೇಲೂ ಜಿಪಿಸಿಯಲ್ಲಿ (ಸರಪಳಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ವಿಧಾನ) ಅಣುತೂಕ ನೋಡದೆ ಇಂಥ ಪಾಲಿಮರ್‌ನ್ನು ನಂಬಬಾರದು.

ಇದೇ ದಾರಿಯಲ್ಲಿ ನೀರಿನ ಕಾಟವೂ ಇದೆ. ಸಕ್ಕರೆ ತೇವವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಂದೊಂದು ನೀರಿನ ಅಣುವೂ ತನ್ನದೇ ಒಂದು ಸರಪಳಿ ಶುರು ಮಾಡುತ್ತದೆ. ನನ್ನ ಮೊದಲ ವರ್ಷದಲ್ಲಿ ನಾನು ಇದೇ ದಾರಿ ಹಿಡಿದಿದ್ದೆ. ಅಣುವಿನ ರಚನೆ ತೋರಿಸುವ ಎನ್‌ಎಂಆರ್‌ನಲ್ಲಿ 4.5ರಿಂದ 5.5 ಪಿಪಿಎಂ ನಡುವೆ ಸಕ್ಕರೆಯ ಒಂದನೇ ಪ್ರೋಟಾನ್ ಕಂಡಿತು, ಕೊಂಡಿ ಕೂಡಿತು ಅಂತ ಸಂತೋಷಪಟ್ಟೆ. ಆಮೇಲೆ ಮಾದರಿಯನ್ನು ಮೂರು ದಿನ ನೀರಿನಲ್ಲಿ ಡಯಾಲಿಸಿಸ್ ಮಾಡಿ, ಅಂದರೆ ಸಣ್ಣ ಅಣುಗಳು ಮಾತ್ರ ಹೊರಹೋಗುವ ಚೀಲದಲ್ಲಿಟ್ಟು, ಮತ್ತೆ ನೋಡಿದರೆ ಆ ಗುರುತು ಇರಲಿಲ್ಲ. ಸಕ್ಕರೆ ಪಾಲಿಮರ್ ಜೊತೆ ಬೆರೆತಿತ್ತು, ಕಟ್ಟಿಕೊಂಡಿರಲಿಲ್ಲ. ಸರಪಳಿಗಳೆಲ್ಲ ನೀರಿನಿಂದ ಹುಟ್ಟಿದ್ದವು. ಅವತ್ತಿನಿಂದ ನಮ್ಮ ಪ್ರಯೋಗಾಲಯದಲ್ಲಿ ಡಯಾಲಿಸಿಸ್ ಆಗದ ಮಾದರಿಯ ಎನ್‌ಎಂಆರ್‌ನ್ನು ನಾನು ನೋಡುವುದಿಲ್ಲ. ಕರಗಿದ ಅಣುಗಳ ಚಲನೆಯ ವೇಗ ಅಳೆಯುವ ಡೋಸಿ ಎಂಬ ಎನ್‌ಎಂಆರ್ ವಿಧಾನ ನಿಮ್ಮಲ್ಲಿ ಸಿಗುವುದಾದರೆ ಅದನ್ನೂ ಮಾಡಿಸಿ. ಸಕ್ಕರೆಯೂ ಸರಪಳಿಯೂ ಒಂದೇ ವೇಗದಲ್ಲಿ ಚಲಿಸಿದರೆ ಅವು ಕೂಡಿಕೊಂಡಿವೆ ಅಂತ ಅರ್ಥ.

ಮುಚ್ಚಳಗಳ ತಂಟೆಯೇ ಬೇಡ ಅನ್ನುವವರು ಕಿಣ್ವ ಬಳಸುತ್ತಾರೆ. ಕ್ಯಾಂಡಿಡಾ ಅಂಟಾರ್ಕ್ಟಿಕಾ ಶಿಲೀಂಧ್ರದ ಲೈಪೇಸ್ ಆರನೇ ಹೈಡ್ರಾಕ್ಸಿಲನ್ನೇ ಆರಿಸಿ ಅಲ್ಲಿಂದ ಸರಪಳಿ ಬೆಳೆಸುತ್ತದೆ. ಸೊಗಸಾದ ಕೆಲಸ, ಆದರೆ ನಿಧಾನ. ಅಜೈಡ್ ಮತ್ತು ಆಲ್ಕೈನ್ ಸೇರಿಸುವ ಕ್ಲಿಕ್ ವಿಧಾನವೂ ಚೆನ್ನಾಗಿದೆ. 2022ರ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು ಈ ಬಗೆಯ ಕೆಲಸಕ್ಕೇ. ಅದರಲ್ಲಿ ತಾಮ್ರದ ಉಳಿಕೆಯನ್ನು ಪೂರ್ತಿ ತೆಗೆಯುವುದು ಕಷ್ಟ, ಕೋಶಗಳಿಗೆ ತಾಮ್ರ ವಿಷ. ಪ್ರಶಸ್ತಿ ಹಂಚಿಕೊಂಡ ಕ್ಯಾರೊಲಿನ್ ಬರ್ಟೋಝಿ ತಾಮ್ರವಿಲ್ಲದೆ ಅದೇ ಕ್ರಿಯೆ ನಡೆಸುವ ದಾರಿ ತೋರಿಸಿದವರು. ಅವರನ್ನು ಅಲ್ಲಿಗೆ ಕರೆದೊಯ್ದದ್ದೂ ಕೋಶದ ಮೇಲಿನ ಸಕ್ಕರೆಗಳನ್ನು ನೋಡುವ ಆಸೆಯೇ.

ನಿಮಗೆ ನಾನು ಹೇಳುವ ದಾರಿ ಲ್ಯಾಕ್ಟೋಬಯೋನಿಕ್ ಆಮ್ಲದ್ದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಆಕ್ಸಿಡೈಸ್ ಮಾಡಿದರೆ ಅದು ಸಿಗುತ್ತದೆ. ಲ್ಯಾಕ್ಟೋಸ್‌ನಲ್ಲಿ ಒಂದು ಗ್ಯಾಲಕ್ಟೋಸ್, ಒಂದು ಗ್ಲೂಕೋಸ್ ಬೀಟಾ ಕೊಂಡಿಯಲ್ಲಿ ಸೇರಿವೆ. ಆಕ್ಸಿಡೈಸ್ ಆದಾಗ ಗ್ಲೂಕೋಸ್ ಉಂಗುರ ಬಿಚ್ಚಿಕೊಂಡು ಅದರ ತುದಿಯಲ್ಲಿ ಆಮ್ಲದ ಗುಂಪು ಬರುತ್ತದೆ. ಗ್ಯಾಲಕ್ಟೋಸ್ ಉಂಗುರ ಇದ್ದ ಹಾಗೇ ಇರುತ್ತದೆ. ಅಂದರೆ ಒಂದು ತುದಿ ಕಟ್ಟಲು, ಇನ್ನೊಂದು ತುದಿ ಓದಿಸಲು. ಯಾವ ಮುಚ್ಚಳವೂ ಬೇಕಿಲ್ಲ. ಬೆಲೆ ಕಡಿಮೆ. ದೇಹಕ್ಕೆ ಒಗ್ಗುತ್ತದೆ ಅನ್ನುವುದಕ್ಕೂ ಹಳೆಯ ಅನುಭವವಿದೆ. ಕಸಿ ಮಾಡುವ ಲಿವರನ್ನು ಕೆಡದಂತೆ ಇಡಲು ಬಳಸುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ದ್ರಾವಣದಲ್ಲಿ ಲ್ಯಾಕ್ಟೋಬಯೋನೇಟ್ ಮುಖ್ಯ ಅಂಶ. ಒಂಟಿ ಗ್ಯಾಲಕ್ಟೋಸನ್ನು ಅಮೀನ್ ಜೊತೆ ರಿಡಕ್ಟಿವ್ ಅಮಿನೇಶನ್ ಮಾಡಿ ಕಟ್ಟುವವರೂ ಇದ್ದಾರೆ. ಆಗ ಅದರ ಉಂಗುರವೇ ಬಿಚ್ಚಿಹೋಗುತ್ತದೆ. ಉಂಗುರವಿಲ್ಲದ ಗ್ಯಾಲಕ್ಟೋಸ್ ಆ ರಿಸೆಪ್ಟರ್‌ಗೆ ಗ್ಯಾಲಕ್ಟೋಸೇ ಅಲ್ಲ. ಈ ತಪ್ಪು ಆಗದಂತೆ ಎಚ್ಚರ ವಹಿಸಿ.

ಕ್ರಮ ಹೀಗಿರಲಿ. ಒಂದು ತುದಿಯಲ್ಲಿ ಹೈಡ್ರಾಕ್ಸಿಲ್, ಇನ್ನೊಂದು ತುದಿಯಲ್ಲಿ ಬಾಕ್ ಎಂಬ ಮುಚ್ಚಳ ಹಾಕಿದ ಅಮೀನ್ ಇರುವ ಪಾಲಿಎಥಿಲೀನ್ ಗ್ಲೈಕಾಲ್ ತೆಗೆದುಕೊಳ್ಳಿ. ಚೆನ್ನಾಗಿ ಒಣಗಿಸಿ. ಅದರ ಹೈಡ್ರಾಕ್ಸಿಲ್‌ನಿಂದ ಪಾಲಿಲ್ಯಾಕ್ಟೈಡ್ ಬೆಳೆಸಿ. ಆಮೇಲೆ ಟ್ರೈಫ್ಲೋರೋಅಸಿಟಿಕ್ ಆಮ್ಲದಲ್ಲಿ ಸ್ವಲ್ಪ ಹೊತ್ತು ಮಾತ್ರ ಇಟ್ಟು ಬಾಕ್ ತೆಗೆಯಿರಿ. ಕೊನೆಗೆ ಆ ಅಮೀನ್‌ಗೆ ಲ್ಯಾಕ್ಟೋಬಯೋನಿಕ್ ಆಮ್ಲ ಕಟ್ಟಿ. ಸಕ್ಕರೆ ಯಾವತ್ತೂ ಕೊನೆಗೇ ಬರಬೇಕು. ಮೊದಲೇ ಕಟ್ಟಿಬಿಟ್ಟರೆ ಅದರ ಹೈಡ್ರಾಕ್ಸಿಲ್‌ಗಳಿಂದಲೂ ಲ್ಯಾಕ್ಟೈಡ್ ಬೆಳೆಯುತ್ತದೆ. ಸಿಗುವ ಕೊಂಡಿ ಅಮೈಡ್, ಎಸ್ಟರ್ ಅಲ್ಲ. ಎಸ್ಟರ್‌ನಲ್ಲಿ ಕಟ್ಟಿದರೆ, ಕಣ ಗುರಿ ಮುಟ್ಟುವ ಮೊದಲೇ ಸಕ್ಕರೆ ಉದುರಬಹುದು.

ಈ ಸರಪಳಿಯನ್ನು ಅಸಿಟೋನ್‌ನಲ್ಲಿ ಕರಗಿಸಿ ನೀರಿಗೆ ನಿಧಾನವಾಗಿ ಬಿಟ್ಟರೆ ಕಣಗಳು ತಾವಾಗಿಯೇ ಆಗುತ್ತವೆ. ನೀರು ಬೇಡದ ಪಾಲಿಲ್ಯಾಕ್ಟೈಡ್ ಒಳಗೆ ಸೇರುತ್ತದೆ, ಗ್ಲೈಕಾಲ್ ಹೊರಗೆ ಚಾಚುತ್ತದೆ, ಅದರ ತುದಿಯಲ್ಲಿ ಗ್ಯಾಲಕ್ಟೋಸ್ ನಿಲ್ಲುತ್ತದೆ. ಕಣದ ಗಾತ್ರ 100 ನ್ಯಾನೋಮೀಟರ್ ಆಸುಪಾಸು ಇರುವಂತೆ ನೋಡಿಕೊಳ್ಳಿ. ಲಿವರ್‌ನ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಕಿಂಡಿಗಳಿವೆ. ಅವುಗಳ ಅಗಲ ಸುಮಾರು 100ರಿಂದ 200 ನ್ಯಾನೋಮೀಟರ್. ದೊಡ್ಡ ಕಣ ಆ ಕಿಂಡಿ ದಾಟುವುದಿಲ್ಲ, ನಾಳದೊಳಗೇ ಕಾದಿರುವ ಕುಪ್ಫರ್ ಕೋಶಗಳ (ಲಿವರ್‌ನ ಮ್ಯಾಕ್ರೋಫೇಜ್‌ಗಳ) ಪಾಲಾಗುತ್ತದೆ. ಆಗಲೂ ನಿಮ್ಮ ಅಳತೆಯಲ್ಲಿ "ಲಿವರ್‌ಗೆ ಮುಟ್ಟಿತು" ಅಂತಲೇ ಬರುತ್ತದೆ! ಅಂಗ ಮುಟ್ಟುವುದು ಬೇರೆ, ಬೇಕಾದ ಕೋಶ ಮುಟ್ಟುವುದು ಬೇರೆ.

ಇನ್ನು ಕೆಲಸ ಮಾಡುತ್ತಿದೆಯಾ ಅನ್ನುವ ಪ್ರಶ್ನೆ. ಸಕ್ಕರೆ ಇದೆ ಅನ್ನುವುದನ್ನು ಎನ್‌ಎಂಆರ್ ಹೇಳುತ್ತದೆ. ಎಷ್ಟಿದೆ ಅನ್ನುವುದನ್ನು ಫೀನಾಲ್ ಮತ್ತು ಸಲ್ಫ್ಯೂರಿಕ್ ಆಮ್ಲದ ಹಳೆಯ ಬಣ್ಣದ ಪರೀಕ್ಷೆ ಹೇಳುತ್ತದೆ. ಕಾಣುವ ಜಾಗದಲ್ಲಿದೆಯಾ ಅನ್ನುವುದನ್ನು ಇವೆರಡೂ ಹೇಳಲಾರವು. ಅದಕ್ಕೆ ಲೆಕ್ಟಿನ್ ಬೇಕು, ಅಂದರೆ ಸಕ್ಕರೆ ಹಿಡಿಯುವ ಪ್ರೋಟೀನ್. ಹರಳು ಬೀಜದ ಆರ್‌ಸಿಎ 120 ಎಂಬ ಲೆಕ್ಟಿನ್ ಗ್ಯಾಲಕ್ಟೋಸನ್ನು ಹಿಡಿಯುತ್ತದೆ. ವಿಷದ ವಸ್ತು, ಜಾಗ್ರತೆಯಿಂದ ಬಳಸಿ. ಕಣಗಳಿರುವ ದ್ರಾವಣಕ್ಕೆ ಅದನ್ನು ಹಾಕಿದಾಗ ಕಣಗಳು ಒಂದಕ್ಕೊಂದು ಅಂಟಿ ದ್ರಾವಣ ಕದಡಿದರೆ ಸಕ್ಕರೆ ಹೊರಗಿದೆ ಅಂತ ಲೆಕ್ಕ. ಅದಕ್ಕೆ ಬಿಡಿ ಗ್ಯಾಲಕ್ಟೋಸ್ ಸುರಿಯಿರಿ. ಮತ್ತೆ ತಿಳಿಯಾದರೆ ಅಂಟಿದ್ದು ಸಕ್ಕರೆಯಿಂದಲೇ ಅಂತ ಖಾತ್ರಿ. ಅರ್ಧ ಗಂಟೆಯ ಪರೀಕ್ಷೆ ಇದು, ಆದರೆ ಕೋಶಗಳ ಮೇಲೆ ಹಾಳಾಗುವ ತಿಂಗಳುಗಳನ್ನು ಉಳಿಸುತ್ತದೆ.

ಆಮೇಲೆ ಕೋಶಗಳು. ಪ್ರಯೋಗಾಲಯದಲ್ಲಿ ಬೆಳೆಸುವ ಲಿವರ್ ಕ್ಯಾನ್ಸರ್‌ನ ಹೆಪ್‌ಜಿ2 ಕೋಶಗಳಲ್ಲಿ ಈ ರಿಸೆಪ್ಟರ್ ಇದೆ, ಗರ್ಭಕಂಠದ ಕ್ಯಾನ್ಸರ್‌ನ ಹೀಲಾ ಕೋಶಗಳಲ್ಲಿ ಇಲ್ಲ. ಎರಡರಲ್ಲೂ ನೋಡಿ. ಹೆಪ್‌ಜಿ2 ಕೋಶಗಳಿಗೆ ಮೊದಲು ಗ್ಯಾಲಕ್ಟೋಸ್ ಬಯಲಾಗಿರುವ ಅಸಯಾಲೋಫೆಟ್ಯೂಯಿನ್ ಎಂಬ ಪ್ರೋಟೀನ್ ಕೊಟ್ಟು ರಿಸೆಪ್ಟರ್ ತುಂಬಿಸಿ, ಆಮೇಲೆ ಕಣ ಹಾಕಿ. ಒಳಗೆ ಹೋಗುವುದು ಕಡಿಮೆಯಾಗಬೇಕು. ಕ್ಯಾಲ್ಸಿಯಂ ಕಸಿದುಕೊಳ್ಳುವ ಇಡಿಟಿಎ ಹಾಕಿದರೂ ಕಡಿಮೆಯಾಗಬೇಕು. ಬಫರ್‌ನಲ್ಲಿ ಕ್ಯಾಲ್ಸಿಯಂ ಇರಲೇಬೇಕು ಅನ್ನುವುದನ್ನು ಮರೆಯಬೇಡಿ. ನಮ್ಮಲ್ಲಿ ಒಬ್ಬ ವಿದ್ಯಾರ್ಥಿನಿ ಒಳ್ಳೆಯ ಕಣಗಳನ್ನು ಮಾಡಿ, ಕ್ಯಾಲ್ಸಿಯಂ ಇಲ್ಲದ ಫಾಸ್ಫೇಟ್ ಬಫರ್‌ನಲ್ಲಿ ಎರಡು ತಿಂಗಳು ಪರೀಕ್ಷೆ ಮಾಡಿದಳು. ಏನೂ ಅಂಟಲಿಲ್ಲ. ಪಾಲಿಮರನ್ನೇ ಬದಲಿಸುವ ಯೋಚನೆಯಲ್ಲಿದ್ದಳು. ಬಫರ್ ಬದಲಿಸಿದ ವಾರವೇ ಅಂಟಿತು. ಅವಳಿಗೆ ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಅದಕ್ಕೇ ನಿಮಗೆ ಈಗಲೇ ಹೇಳುತ್ತಿದ್ದೇನೆ.

ಪಾತ್ರೆಯ ಕೋಶದಿಂದ ಮನುಷ್ಯನವರೆಗಿನ ದಾರಿ ಎಷ್ಟು ದೂರ ಅನ್ನುವುದಕ್ಕೆ ಪಿಕೆ2 ಎಂಬ ಪಾಲಿಮರ್‌ನ ಕಥೆ ಓದಿ. ಅದು ಕರಗುವ ಪಾಲಿಮರ್ ಅಲ್ಲ, ಆದರೆ ಪಾಠ ನಮ್ಮದೇ. ಡಾಕ್ಸೊರುಬಿಸಿನ್ ಔಷಧವನ್ನೂ ಗ್ಯಾಲಕ್ಟೋಸಮೀನ್ ಗುರುತನ್ನೂ ಒಂದೇ ಸರಪಳಿಗೆ ಕಟ್ಟಿ ಲಿವರ್ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟರು. ಫಲಿತಾಂಶ 2002ರಲ್ಲಿ ಹೊರಬಂತು. ಔಷಧ ನಿಜಕ್ಕೂ ಲಿವರ್ ಮುಟ್ಟಿತ್ತು. ಆದರೆ ಗೆಡ್ಡೆಗಿಂತ ಆರೋಗ್ಯವಾಗಿದ್ದ ಭಾಗಕ್ಕೇ ಜಾಸ್ತಿ ಹೋಗಿತ್ತು. ಆರೋಗ್ಯವಂತ ಕೋಶದ ಮೇಲೆ ಆ ರಿಸೆಪ್ಟರ್ ತುಂಬಿರುತ್ತದೆ, ಕ್ಯಾನ್ಸರ್ ಕೆಟ್ಟಷ್ಟೂ ಅದು ಕಡಿಮೆಯಾಗುತ್ತಾ ಹೋಗಬಹುದು. ಗಿವೋಸಿರಾನ್ ಗೆದ್ದಿದ್ದಕ್ಕೆ ಒಂದು ಕಾರಣ ಅದು ಮುಟ್ಟಬೇಕಾದದ್ದೇ ಲಿವರ್‌ನ ಮಾಮೂಲಿ ಕೋಶವನ್ನು. ನಿಮ್ಮ ಔಷಧ ಯಾವ ಕಾಯಿಲೆಗೆ ಅಂತ ನೀವು ಬರೆದಿಲ್ಲ. ಗೆಡ್ಡೆಗೆ ಅಂತಾದರೆ ಮಾರ್ಗದರ್ಶಕರ ಜೊತೆ ಕೂತು ಮತ್ತೊಮ್ಮೆ ಮಾತಾಡಿ. ನಾರುಗಟ್ಟುವಿಕೆಗೆ ಅಂತಾದರೆ ಅಲ್ಲಿ ಮುಖ್ಯ ಕೋಶಗಳೇ ಬೇರೆ, ಅವಕ್ಕೆ ಈ ಗುರುತು ಹಿಡಿಯಲು ಬರುವುದಿಲ್ಲ.

ಕರಗುವಿಕೆಯನ್ನು 37 ಡಿಗ್ರಿ ಸೆಲ್ಸಿಯಸ್, ಪಿಎಚ್ 7.4ರಲ್ಲಿ ವಾರವಾರ ಅಳೆಯಿರಿ. ಅರ್ಧ ಲ್ಯಾಕ್ಟೈಡ್, ಅರ್ಧ ಗ್ಲೈಕೊಲೈಡ್ ಇರುವ ಪಿಎಲ್‌ಜಿಎ ಒಂದೆರಡು ತಿಂಗಳಲ್ಲಿ ಕರಗಿದರೆ, ಹರಳುಗಟ್ಟಿದ ಪಾಲಿಲ್ಯಾಕ್ಟೈಡ್‌ಗೆ ಎರಡು ವರ್ಷಕ್ಕೂ ಮೇಲೆ ಬೇಕಾಗಬಹುದು. ನಿಮ್ಮ ಔಷಧ ಎಷ್ಟು ದಿನ ಬೇಕೋ ಅದಕ್ಕೆ ತಕ್ಕ ಬೆರಕೆ ಆರಿಸಿ. ಅಣುತೂಕದ ಜೊತೆಗೆ ಸಕ್ಕರೆ ಎಷ್ಟು ಉಳಿದಿದೆ ಅಂತಲೂ ನೋಡಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಕಣ ಇನ್ನೂ ಇದೆ, ಗುರುತು ಉದುರಿದೆ ಅಂತಾದರೆ ಆ ಕಣ ಮತ್ತೆ ಬರೀ ಗೋಡೆ.

ಸುರಕ್ಷತೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ನಿಯಮಗಳು ಪುಸ್ತಕದಲ್ಲಿ ಸಿಗುತ್ತವೆ. ಐಎಸ್‌ಒ 10993-5 ಪರೀಕ್ಷೆಯಲ್ಲಿ ಬದುಕುಳಿದ ಕೋಶ ಶೇಕಡಾ 70ಕ್ಕಿಂತ ಕಡಿಮೆಯಾದರೆ ವಸ್ತು ಕೋಶಗಳಿಗೆ ವಿಷ ಅಂತ ಲೆಕ್ಕ. ಸಾಲ್ವೆಂಟ್ ಉಳಿಕೆಗೆ ಔಷಧ ಕ್ಷೇತ್ರದ ಮಿತಿ ಕ್ಲೋರೋಫಾರ್ಮ್‌ಗೆ 60 ಪಿಪಿಎಂ, ಡಿಎಂಎಫ್‌ಗೆ (ಡೈಮೀಥೈಲ್ ಫಾರ್ಮಮೈಡ್) 880. ಸಕ್ಕರೆ ಕರಗಿಸಲು ಡಿಎಂಎಫ್ ಬಳಸಿದರೆ ತೆಗೆಯಲು ಪಾಡುಪಡಬೇಕಾಗುತ್ತದೆ ಅಂತ ಮೊದಲೇ ಗೊತ್ತಿರಲಿ. ಕ್ರಿಮಿ ಕೊಲ್ಲಲು ಬಿಸಿ ಹಬೆಯ ಆಟೋಕ್ಲೇವ್‌ನಲ್ಲಿ ಇಟ್ಟರೆ ಎಸ್ಟರ್ ಕಡಿದುಹೋಗುತ್ತದೆ, ಗಾಮಾ ಕಿರಣವೂ ಸರಪಳಿಯನ್ನು ತುಂಡು ಮಾಡುತ್ತದೆ. ನಿಮ್ಮ ಕಣ ಚಿಕ್ಕದಾದ್ದರಿಂದ 0.22 ಮೈಕ್ರಾನ್ ಜರಡಿಯಲ್ಲಿ ಸೋಸುವುದೇ ಸುಲಭ. ಬ್ಯಾಕ್ಟೀರಿಯಾದಿಂದ ಬರುವ ಎಂಡೋಟಾಕ್ಸಿನ್ ಮಾತ್ರ ಸೋಸಿದರೆ ಹೋಗುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಅಳೆಯಿರಿ. ಇಲ್ಲದಿದ್ದರೆ ಪ್ರತಿರೋಧ ಕೋಶಗಳು ಕೆರಳಿದಾಗ ಸಕ್ಕರೆಯಿಂದ ಆಯಿತೋ ಕೊಳೆಯಿಂದ ಆಯಿತೋ ಅಂತ ತಿಳಿಯದೆ ಒದ್ದಾಡಬೇಕಾಗುತ್ತದೆ.

ಕೊನೆಯದಾಗಿ, ಹೋಲಿಕೆಗೆ ಇಡುವ ಕಣದ ವಿಷಯ. ಸಕ್ಕರೆ ಕಟ್ಟಿದ ಕಣವನ್ನು ಸಕ್ಕರೆಯೇ ಇಲ್ಲದ ಕಣದ ಜೊತೆ ಹೋಲಿಸಿ "ಗ್ಯಾಲಕ್ಟೋಸ್ ಕೆಲಸ ಮಾಡಿತು" ಅಂತ ಬರೆಯುವುದು ರೂಢಿ. ನನಗೆ ಅದು ಸಾಲದು. ಸಕ್ಕರೆ ಕಟ್ಟಿದಾಗ ಕಣದ ಮೈ ಬದಲಾಗುತ್ತದೆ, ಅದರ ಮೇಲೆ ಕೂರುವ ರಕ್ತದ ಪ್ರೋಟೀನ್‌ಗಳೂ ಬದಲಾಗುತ್ತವೆ. ವ್ಯತ್ಯಾಸ ಅದರಿಂದಲೂ ಬಂದಿರಬಹುದು. ಲ್ಯಾಕ್ಟೋಬಯೋನಿಕ್ ಆಮ್ಲಕ್ಕೆ ಒಂದು ಅವಳಿ ಇದೆ, ಸೆಲ್ಲೋಬಯೋನಿಕ್ ಆಮ್ಲ. ಸೆಲ್ಲೋಬಯೋಸ್‌ನಿಂದ ಅದನ್ನು ಇದೇ ರೀತಿ ಮಾಡಬಹುದು. ಅದೇ ತೂಕ, ಅದೇ ಬೀಟಾ ಕೊಂಡಿ, ಅಷ್ಟೇ ಹೈಡ್ರಾಕ್ಸಿಲ್‌ಗಳು. ಗ್ಯಾಲಕ್ಟೋಸ್ ಇದ್ದ ಜಾಗದಲ್ಲಿ ಗ್ಲೂಕೋಸ್ ಇರುತ್ತದೆ ಅಷ್ಟೇ, ಅಂದರೆ ನಾಲ್ಕನೇ ಹೈಡ್ರಾಕ್ಸಿಲ್ ಒಂದು ಮಾತ್ರ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಅದೇ ಸರಪಳಿಗೆ, ಅದೇ ದಿನ, ಅದೇ ಅಳತೆಯಲ್ಲಿ ಅದನ್ನೂ ಕಟ್ಟಿ ಕಣ ಮಾಡಿ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೆಪ್‌ಜಿ2 ಕೋಶಗಳಿಗೆ ಕೊಡಿ. ಗ್ಯಾಲಕ್ಟೋಸ್ ಕಣ ಒಳಗೆ ಹೋಗಿ ಗ್ಲೂಕೋಸ್ ಕಣ ಹೊರಗೇ ಉಳಿದರೆ, ಕೋಶ ನಿಮ್ಮ ಸಕ್ಕರೆಯನ್ನು ಓದಿದೆ.